ದಂಡೆಯಲ್ಲಿ ಇಳಿದ ಉಚ್ಚಂಗೆಪ್ಪ

ಸಿರುಗುಪ್ಪದ ಬಸ್ ಸ್ಟ್ಯಾಂಡಿಗೆ ಆತುಕೊಂಡೇ ಉಚ್ಚಂಗೆಪ್ಪನ ಮಂಡಕ್ಕಿ ಒಗ್ಗಾಣಿ-ಮಿರ್ಚಿ ಅಂಗಡಿ ಇತ್ತು. ಅಂಗಡಿಯೆಂದರೆ ಏನು ಮಹಾ, ನಾಲ್ಕು ಕಂಬ, ಮೇಲೊಂದು ತಗಡು, ಒಂದು ಒಲೆ, ಒಂದು ಬಾಣಲೆ. ಬಳ್ಳಾರಿ ಬಸ್ಸು ಬಂದು ನಿಂತಿತೆಂದರೆ ಜನ ಇಳಿಯುತ್ತಲೇ ಮೂಗು ಅರಳಿಸಿಕೊಂಡು ಆ ಬಾಣಲೆಯ ಕಡೆ ನಡೆಯುತ್ತಿದ್ದರು. ಮನುಷ್ಯ ಕಡ್ಡಿಯಂತೆ ತೆಳ್ಳಗೆ, ಮಾತು ಬಲು ಕಡಿಮೆ. ಆದರೆ ಅಕ್ಕನ ಮಗ ಮೈಲಾರಪ್ಪನ ಸುದ್ದಿ ಎತ್ತಿದಿರೋ, ಮುಗಿಯಿತು, ಮಿರ್ಚಿ ಸೀದು ಕರಕಲಾದರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ‘ನಮ್ಮ ಮೈಲಾರಿ’ ಅಂದರೇ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಊರು ಅವನದು ಕುರುಗೋಡು. ಅಕ್ಕ ಸುಂಕಮ್ಮನನ್ನು ಸಿರಿಗೇರಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಆಕೆ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಳು, ಬಂದವಳು ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಹೋಗುವ ಹೊತ್ತಿಗೆ ತಮ್ಮನ ಕೈ ಹಿಡಿದು ಒಂದೇ ಮಾತು ಹೇಳಿದಳು: “ಇವನ್ನ ಕಣ್ಣಮರಿ ಮಾಡಬ್ಯಾಡಪ್ಪಾ.” ಸಾಯುವವರು ಏನೋ ಒಂದು ಹೇಳಿ ಹೋಗಿಬಿಡುತ್ತಾರೆ, ಹೊರುವವನ ಹೆಗಲು ಯಾರಿಗೆ ಬೇಕು? ಉಚ್ಚಂಗೆಪ್ಪ ಆ ಮಾತನ್ನು ಅಕ್ಷರಶಃ ಹಿಡಿದುಕೊಂಡ. ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಿರುಗುಪ್ಪಕ್ಕೆ ಬಂದು ಒಲೆ ಹೂಡಿದ. ಕನ್ಯೆ ಕೊಡಲು ಬಂದವರು “ಕೂಸನ್ನ ಎಲ್ಲ್ಯಾರ ಬಿಡು, ಮದಿವಿ ಮಾಡೋಣು” ಅಂದಾಗ, ಅವರಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದ. ಮತ್ತೆ ಆ ಮಾತೇ ಬರಲಿಲ್ಲ.

ಅಯ್ಯೋ, ಆ ಹುಡುಗನ ಪಾಡಾದರೂ ಏನೆಂದು ಹೇಳುವುದು! ಸಾಲೆಗೆ ಹೋದರೆ ಮಾವ ಬಾಗಿಲ ತನಕ, ಗುಡಿಗೆ ಹೋದರೆ ಮಾವ ಹಿಂದೆ. ಓಣಿಯ ಹುಡುಗರೆಲ್ಲ ಹೊಳೆಯಲ್ಲಿ ಈಜು ಬಿದ್ದು ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ, ಮೈಲಾರಿಗೆ ಹೊಳೆಯ ನೀರು ಮೊಣಕಾಲಿಗೂ ತಾಗಿರಲಿಲ್ಲ. ಎದುರುಮನೆಯ ಹೂವಿನ ಹಂಪಕ್ಕ ಎಷ್ಟೋ ಸಲ ಬೈದಿದ್ದಳು. “ಏ ಉಚ್ಚಂಗಿ, ಕರೂನ ಹಗ್ಗ ಭಾಳ ಗಿಡ್ಡ ಕಟ್ಟಬಾರದೋ, ಕುತ್ತಿಗಿ ಕೊಯ್ತೈತಿ.” ಉಚ್ಚಂಗೆಪ್ಪ ನಕ್ಕು, ಅವಳ ಕೈಗೊಂದು ಬಿಸಿ ಮಿರ್ಚಿ ಇಟ್ಟು ಸುಮ್ಮನಾಗುತ್ತಿದ್ದ.

ಮೀಸೆ ಚಿಗುರುವ ಹೊತ್ತಿಗೆ ಮೈಲಾರಿಗೆ ಲಾರಿಯ ಹುಚ್ಚು ಹಿಡಿಯಿತು. ಭತ್ತ ತುಂಬಲು ಬರುವ ಲಾರಿಗಳ ಸುತ್ತಲೇ ಅವನ ತಿರುಗಾಟ. ಹಾರ್ನ್ ಕೇಳಿಯೇ ಇದು ಯಾವ ಲಾರಿ, ಯಾರು ಡ್ರೈವರ್ ಎಂದು ಹೇಳುತ್ತಿದ್ದ. ಎಪ್ಪತ್ತರ ಇಸವಿಯ ದಸರೆಯ ಮುಂದೆ ಬಳ್ಳಾರಿಯ ಡ್ರೈವರ್ ಒಬ್ಬ, ಸೊಲ್ಲಾಪುರದ ಲೈನಿಗೆ ಕ್ಲೀನರ್ ಆಗಿ ಬಾ ಎಂದು ಕರೆದ. ಹುಡುಗ ಕುಣಿಯುತ್ತ ಬಂದು ಮಾವನಿಗೆ ಹೇಳಿದ. ಆ ಬಡಪಾಯಿ ಉಚ್ಚಂಗೆಪ್ಪನಿಗೆ ಅಂದು ಏನು ಹೊಕ್ಕಿತ್ತೋ, ಇಡೀ ಬಸ್ ಸ್ಟ್ಯಾಂಡಿನ ಎದುರಿಗೆ, ತಾನೆಂದೂ ಹೊಡೆಯದ ಹುಡುಗನ ಕೆನ್ನೆಗೆ ಬಾರಿಸಿದ. ಕೈಯ ಹಿಟ್ಟು ಹುಡುಗನ ಕೆನ್ನೆಗೆ ಮೆತ್ತಿಕೊಂಡಿತು. “ನಾ ಇರೂ ತನಕ ಈ ಊರು ಬಿಟ್ಟು ಕಾಲು ತಗೀಬ್ಯಾಡ ನೀ!” ಅಂದ. ಹೊಡೆದ ಮೇಲೆ ಅವನೇ ಒಲೆಯ ಹಿಂದೆ ಕೂತು ಅತ್ತ.

ಅಂದಿನಿಂದ ಮೈಲಾರಿ ಮಾತು ಬಿಟ್ಟ. ಕರೆದರೆ ಹ್ಞೂಂ, ಉಣ್ಣಲು ಇಟ್ಟರೆ ಹ್ಞೂಂ. ಈರುಳ್ಳಿ ಹೆಚ್ಚುತ್ತಿದ್ದ, ಹಿಟ್ಟು ಕಲಸುತ್ತಿದ್ದ, ಕಣ್ಣು ಮಾತ್ರ ರಸ್ತೆಯ ಮೇಲೆ. ಹುಡುಗ ಒಮ್ಮೆ ಮೊದಲಿನಂತೆ ‘ಮಾವ’ ಅಂದರೆ ಸಾಕು ಎಂದು ಉಚ್ಚಂಗೆಪ್ಪ ಕಂಡ ಕಂಡ ದೇವರಿಗೆ ಹರಕೆ ಹೊತ್ತ.

ಸಂಕ್ರಾಂತಿ ಹತ್ತಿರ ಬಂದಾಗ ದೇವರು ಕಣ್ಣು ತೆರೆದಂತಾಯಿತು. “ಮಾವ,” ಅಂದ ಮೈಲಾರಿ, ತಾನಾಗಿಯೇ. “ಈ ಸಂಕ್ರಾಂತಿಗೆ ಗಡ್ಡಿಗೆ ಹೋಗೋಣೇನು?”

ಗಡ್ಡಿಯೆಂದರೆ ತುಂಗಭದ್ರೆಯ ನಡುವಿನ ಒಂದು ನಡುಗಡ್ಡೆ. ಸುತ್ತ ಬಿಳಿ ಉಸುಕು, ಮಧ್ಯೆ ಹುಣಿಸೆಮರ, ಬಾರಿಹಣ್ಣಿನ ಕಂಟಿಗಳು. ಸಂಕ್ರಾಂತಿಯ ದಿನ ಓಣಿಯವರು ಸೇರಿಕೊಂಡು ಅಂಬಿಗರ ಕಾಡಸಿದ್ದಪ್ಪನ ಜೋಡಿ ಹರಿಗೋಲು ಗೊತ್ತು ಮಾಡುತ್ತಿದ್ದರು. ಎರಡು ದೊಡ್ಡ ಹರಿಗೋಲುಗಳನ್ನು ಬಿದಿರುಗಳು ಅಡ್ಡ ಹಾಕಿ ಬಿಗಿದು ಕಟ್ಟಿದ್ದು ಅದು. ಒಂಟಿ ಹರಿಗೋಲಿನಂತೆ ಗರಗರ ತಿರುಗುವುದಿಲ್ಲ, ಹೆಂಗಸರು ಮಕ್ಕಳು ಅಂಜದೆ ಕೂಡಬಹುದು. ಬೆಳಗ್ಗೆ ಹೋಗಿ, ಮಿಂದು, ಬುತ್ತಿ ಉಂಡು, ಸಂಜೆ ಮರಳುವುದು. ಉಚ್ಚಂಗೆಪ್ಪ ಈ ಗಡ್ಡೆಯ ವೈಭವವನ್ನು ವರ್ಷಾ ವರ್ಷಾ ಕೇಳಿದ್ದ, ಕಂಡವನಲ್ಲ. ಹಬ್ಬದ ದಿನವೇ ಅವನ ಅಂಗಡಿಗೆ ಜನ ಹೆಚ್ಚು. ಈ ಸಲ ಅಂಗಡಿ ಹಾಳಾಗಲಿ ಅಂದುಕೊಂಡ. “ಹೋಗೋಣು ಬಿಡಲೇ!” ಅಂದ.

ಆದರೆ ಕಾಡಸಿದ್ದಪ್ಪನ ಹರಿಗೋಲಿಗೆ ಒಂದು ನೇಮವಿತ್ತು. ಸೋದರಮಾವ, ಸೋದರಳಿಯ ಒಟ್ಟಿಗೆ ಹೊಳೆ ದಾಟಬಾರದು. ದಾಟಿದರೆ ಇಬ್ಬರಲ್ಲಿ ಒಬ್ಬರನ್ನು ಗಂಗಮ್ಮ ಇಟ್ಟುಕೊಳ್ಳುತ್ತಾಳೆ ಎಂದು ಅವನ ಹಿರಿಯರು ನಂಬಿದ್ದರು, ಅವನೂ ನಂಬಿದ್ದ. ಹರಿಗೋಲು ನೂಕುವ ಗಳ ಊರುವ ಮೊದಲು ಕೇಳಿಯೇ ಕೇಳುತ್ತಿದ್ದ. ಇದು ಉಚ್ಚಂಗೆಪ್ಪನಿಗೂ ಗೊತ್ತು. ಹಿಂದಿನ ದಿನ ಸಜ್ಜೆ ರೊಟ್ಟಿ ಬಡಿಯುತ್ತ ಅಳಿಯನ ಕಿವಿಯಲ್ಲಿ ಹೇಳಿದ: “ಅಂವ ಕೇಳ್ತಾನ. ನೀ ಸುಮ್ಮನ ಕುಂತ್ಕೋ. ನಾ ಬಾಯಿ ಬಿಡಂಗಿಲ್ಲ. ಏನಾರ ಆಗೂದಿದ್ರ ನನಗ ಆಗ್ಲಿ.” ಮೈಲಾರಿ ಹ್ಞೂಂ ಅಂದ.

ಹಬ್ಬದ ಬೆಳಗ್ಗೆ ದಂಡೆಯ ಮೇಲೆ ಗದ್ದಲವೋ ಗದ್ದಲ. ಹೊಸ ಸೀರೆಗಳು, ಎಳ್ಳು-ಬೆಲ್ಲ, ಬುತ್ತಿಯ ಗಂಟುಗಳು. ಚಪ್ಪಲಿ ತೊಟ್ಟು ಹರಿಗೋಲು ಹತ್ತಬಾರದೆಂದು ಎಲ್ಲರೂ ದಂಡೆಯಲ್ಲೇ ಕಳಚಿಟ್ಟರು. ಮೈಲಾರಿ ಮಾತ್ರ ಕಳಚಿ ಕಂಕುಳಲ್ಲಿ ಇಟ್ಟುಕೊಂಡ. ಗಡ್ಡೆಯಲ್ಲಿ ಬಾರಿಮುಳ್ಳು ಇರುತ್ತವಲ್ಲ, ಜಾಣ ಹುಡುಗ ಎಂದುಕೊಂಡ ಮಾವ. ಇಬ್ಬರೂ ಹತ್ತಿ ಕೂತರು. ಕಾಡಸಿದ್ದಪ್ಪ ಗಳ ಹಿಡಿದು ನಿಂತು ಕೂಗಿದ: “ಮಾವ-ಅಳಿಯ ಯಾರರ ಅದೀರೇನ್ರಪಾ? ಇದ್ರ ಒಬ್ಬರು ಇಳೀರಿ, ನೋಡ್ರಿ ಮತ್ತ!”

ಉಚ್ಚಂಗೆಪ್ಪ ಬುತ್ತಿಯ ಗಂಟನ್ನು ಅವುಚಿಕೊಂಡು ತಲೆ ತಗ್ಗಿಸಿದ. ಓಣಿಯವರಿಗೆಲ್ಲ ಗೊತ್ತು, ಆದರೂ ಪಾಪ ಎಂದು ಯಾರೂ ಸೊಲ್ಲೆತ್ತಲಿಲ್ಲ. ಆಗ ಅವನ ಪಕ್ಕದಲ್ಲೇ ದನಿ ಕೇಳಿತು.

“ಅದೀವಿ,” ಅಂದ ಮೈಲಾರಿ. “ಇಂವ ನಮ್ಮ ಮಾವ.”

ಅಂದು ಅರ್ಧ ಎದ್ದು ನಿಂತ, ತಾನೇ ಇಳಿಯುವವನಂತೆ. ಉಚ್ಚಂಗೆಪ್ಪ ಅವನ ಭುಜ ಹಿಡಿದು ಒತ್ತಿ ಕೂರಿಸಿದ. “ಕುಂದರಲೇ. ನೀ ನೋಡಿ ಬಾ, ನಂದೇನು.” ಬುತ್ತಿಯ ಗಂಟನ್ನು ಅವನ ತೊಡೆಯ ಮೇಲಿಟ್ಟು ಇಳಿದುಬಿಟ್ಟ. ಹಂಪಕ್ಕ ಕಣ್ಣೊರೆಸಿಕೊಂಡಳು. “ಮಾವನ ಜೀವಕ್ಕ ಅಂಜಿದ ನೋಡವ್ವಾ! ಪುಣ್ಯ ಮಾಡೀಯೋ ಉಚ್ಚಂಗಿ, ಇಂಥಾ ಅಳಿಯನ್ನ ಪಡಿಯಾಕ.” ಉಚ್ಚಂಗೆಪ್ಪನ ಎದೆ ಉಬ್ಬಿತು. ಹರಿಗೋಲು ದೂರವಾಗುತ್ತ ಹೋಯಿತು. ಮೈಲಾರಿ ತಿರುಗಿ ನೋಡುತ್ತಲೇ ಇದ್ದ.

ಆ ಹಗಲೆಲ್ಲ ಅವನು ದಂಡೆಯ ಜಾಲಿಮರದ ಕೆಳಗೆ ಓಣಿಯವರ ಚಪ್ಪಲಿ ಕಾಯುತ್ತ ಕೂತ. ಬುತ್ತಿ ಅಳಿಯನ ಹತ್ತಿರ ಹೋಗಿತ್ತು, ಹೊಟ್ಟೆಗೆ ಹೊಳೆಯ ನೀರೇ ಗತಿ. ಆದರೂ ಅಷ್ಟು ಸುಖದ ದಿನ ಅವನ ಬಾಳಿನಲ್ಲಿ ಬಂದಿರಲಿಲ್ಲ. ಬಟ್ಟೆ ಒಗೆಯಲು ಬಂದವರಿಗೆ, ಎಮ್ಮೆ ಮೈ ತೊಳೆಯಲು ಬಂದವರಿಗೆ, ಕರೆ ಕರೆದು ಹೇಳಿದ: “ನಾ ಸುಮ್ಮನಿದ್ರೂ ಅವ ಸುಮ್ಮನಿರ್ಲಿಲ್ರಿ. ನನ್ನ ಜೀವಕ್ಕ ಏನಾರ ಆದೀತಂತ ಹೇಳೇಬಿಟ್ಟ.” ನಾಳೆ ಹುಡುಗನನ್ನು ಕೂರಿಸಿಕೊಂಡು ಕೇಳಬೇಕು, ಲಾರಿ ಅಷ್ಟು ಬೇಕೆಂದರೆ ಬಳ್ಳಾರಿಯ ತನಕ ಹೋಗಿ ಬಾ, ಸಂಜೆಗೆ ಮನೆಗೆ ಬಾ ಎಂದು ಹೇಳಬೇಕು, ಇಷ್ಟಾದರೂ ತಾನು ಸಡಿಲ ಬಿಡಬೇಕು ಎಂದೆಲ್ಲ ಲೆಕ್ಕ ಹಾಕಿದ.

ಹೊತ್ತು ಇಳಿಯುವಾಗ ಹರಿಗೋಲು ಬಂತು. ಹೋಗುವಾಗಿನ ಗದ್ದಲ ಅದರಲ್ಲಿ ಇರಲಿಲ್ಲ. ಒಬ್ಬೊಬ್ಬರೇ ಇಳಿದು, ಅವನ ಮುಖ ನೋಡದೆ, ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಸರಿದರು. ಕೊನೆಗೆ ಇಳಿದವಳು ಹಂಪಕ್ಕ.

“ಮೈಲಾರಿ ಎಲ್ಲಿ?”

ಹಂಪಕ್ಕನಂಥ ಬಾಯಿಬಡಕಿಯೂ ತಡವರಿಸುತ್ತ ಹೇಳಿದಳು: “ಕಟ್ಟಿಗಿ ತರ್ತೀನಂತ ಆ ಮಗ್ಗಲಕ್ಕ ಹೋದ ತಮ್ಮಾ. ಆ ಕಡೆ ಹೊಳಿ ಮೊಣಕಾಲುದ್ದ ಐತಿ. ನೋಡನೋಡೂದ್ರಾಗ ದಾಟಿಬಿಟ್ಟ. ಆಚಿ ದಂಡಿಗೆ ಲಾರಿ ನಿಂತಿತ್ತು.” ಸೆರಗು ಬಾಯಿಗೆ ಒತ್ತಿಕೊಂಡಳು. “ಅಲ್ಲಿಂದ ಒದರಿದ. ‘ಮಾವಗ ಹೇಳ್ರಿ, ನಾ ನೀರಾಗ ಬಿದ್ದಿಲ್ಲ, ನಡಕೊಂತ ಹೋಗೀನಂತ ಹೇಳ್ರಿ. ಹೊಳ್ಯಾಗ ಹುಡುಕಬ್ಯಾಡ ಅನ್ರಿ’ ಅಂದ.”

ಉಚ್ಚಂಗೆಪ್ಪ ಹೊಳೆಯ ಕಡೆ ನೋಡುತ್ತಲೇ ಕೇಳಿದ: “ಬುತ್ತಿ?”

“ಒಯ್ದ.”

“ಆತು ಬಿಡು,” ಅಂದ. “ಹಸಿವಿ ತಡ್ಯಾಂಗಿಲ್ಲ ಅಂವ.” ಜಾಲಿಮರದ ಕೆಳಗೆ ಕಾಯಲು ಒಂದು ಜೊತೆ ಚಪ್ಪಲಿಯೂ ಉಳಿದಿರಲಿಲ್ಲ.

ಓಣಿಯಲ್ಲಿ ಆಮೇಲೆ ಬಾಯಿಗೆ ಬಂದಂತೆ ಆಡಿದರು. ಮಾವನನ್ನು ಇಳಿಸಲೆಂದೇ ಆ ಕಳ್ಳ ಬಾಯಿ ಬಿಟ್ಟದ್ದು, ಚಪ್ಪಲಿ ಒಯ್ದದ್ದು ಓಡಿಹೋಗಲೆಂದೇ, ಲಾರಿಯವನಿಗೆ ಮೊದಲೇ ಹೇಳಿಟ್ಟು ಗಡ್ಡೆಯ ಸುದ್ದಿ ತೆಗೆದದ್ದೂ ಅದಕ್ಕೇ ಎಂದರು. ಸುಳ್ಳೇನಲ್ಲ, ಕಣ್ಣಿಗೆ ಕಂಡದ್ದೇ. ಹಂಪಕ್ಕ ಅಂತೂ ಒಲೆಯ ಮುಂದೆ ನಿಂತು ಶಪಿಸಿದಳು: “ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬರ್ತೈತೋ? ಆ ಬುತ್ತಿ ಅವಂಗ ದಕ್ಕಬಾರದು!” ಉಚ್ಚಂಗೆಪ್ಪನಿಗೆ ಎಂದೂ ಬಾರದ ಸಿಟ್ಟು ಬಂತು. “ಹಂಗನಬ್ಯಾಡ ಹಂಪಕ್ಕ! ಅಂವ ಎದ್ದಿದ್ದ. ತಾನ ಇಳೀತೀನಂತ ಎದ್ದಿದ್ದ. ನಾನ ಒತ್ತಿ ಕುಂದ್ರಿಸಿದೆ.” ಆ ಅರ್ಧ ಎದ್ದು ನಿಂತದ್ದನ್ನು ಅವನು ಬಿಡಲೇ ಇಲ್ಲ. ಬೇರೆ ಏನಿತ್ತು ಅವನ ಹತ್ತಿರ ಹಿಡಿದುಕೊಳ್ಳಲು?

ಹಲವು ಸಲ ಬಳ್ಳಾರಿಗೆ ಹೋಗಿ ಲಾರಿ ನಿಲ್ಲುವ ಕಡೆಯೆಲ್ಲ ವಿಚಾರಿಸಿದ. ಸುಳಿವಿಲ್ಲ. ಹಾರ್ನ್ ಕೇಳಿದರೆ ಬಾಣಲೆ ಬಿಟ್ಟು ರಸ್ತೆಗೆ ಬರುವುದು ರೂಢಿಯಾಯಿತು. ಕೆಲವು ವರ್ಷಗಳ ಮೇಲೆ ಮಿರ್ಚಿ ತಿನ್ನಲು ಬಂದ ಡ್ರೈವರ್ ಒಬ್ಬ, ಸೊಲ್ಲಾಪುರದಲ್ಲಿ ನಿಮ್ಮೂರ ಕಡೆಯ ಮೈಲಾರಪ್ಪ ಅಂತ ಒಬ್ಬ ಇದ್ದಾನೆ, ಲಾರಿ ಹೊಡೆಯುತ್ತಾನೆ, ಹೆಂಡತಿ ಇದ್ದಾಳೆ, ಮಗಳಿಗೆ ಸುಂಕಮ್ಮ ಎಂದು ಹೆಸರಿಟ್ಟಿದ್ದಾನೆ ಎಂದ. ಉಚ್ಚಂಗೆಪ್ಪ ಬಾಣಲೆಯಲ್ಲಿದ್ದ ಮಿರ್ಚಿಯನ್ನೆಲ್ಲ ಕಾಗದದಲ್ಲಿ ಕಟ್ಟಿ ಅವನ ಕೈಗೆ ಕೊಟ್ಟ. “ಮಾವ ಹೊಡಿಯಂಗಿಲ್ಲ ಅಂತ ಹೇಳ್ರಿ.” ಸೊಲ್ಲಾಪುರ ಮುಟ್ಟುವ ತನಕ ಮಿರ್ಚಿ ಉಳಿಯುತ್ತದೆಯೇ, ಹುಚ್ಚಪ್ಪ! ಆ ಡ್ರೈವರ್ ಮತ್ತೆ ಈ ಕಡೆ ಬರಲಿಲ್ಲ. ಮಾತು ಮುಟ್ಟಿತೋ ಇಲ್ಲವೋ ದೇವರಿಗೇ ಗೊತ್ತು.

ಎಂಬತ್ಮೂರರ ಸಂಕ್ರಾಂತಿಗೆ ಹಂಪಕ್ಕ ಹಟ ಹಿಡಿದಳು. ಅವಳಿಗೂ ಹಲ್ಲು ಬಿದ್ದಿದ್ದವು, ಉಚ್ಚಂಗೆಪ್ಪನ ತಲೆಯೂ ಹಣ್ಣಾಗಿತ್ತು. “ಸಾಯೂದ್ರಾಗ ಒಮ್ಮೆ ಗಡ್ಡಿ ನೋಡೋ ಮೂಳಾ. ಈಗ ನಿನ್ನ ಇಳಸಾಕ ಯಾರದಾರ?” ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು. ಅದೇ ದಂಡೆ, ಅದೇ ಜೋಡಿ ಹರಿಗೋಲು, ಮುದುಕನಾದ ಅದೇ ಕಾಡಸಿದ್ದಪ್ಪ. ಉಚ್ಚಂಗೆಪ್ಪ ಹತ್ತಿ ಕೂತ. ಬುತ್ತಿಯ ಗಂಟು ತೊಡೆಯ ಮೇಲಿತ್ತು. ಬಿಸಿಲು ಬಿದ್ದ ನೀರಿನಾಚೆ ಗಡ್ಡೆಯ ಹುಣಿಸೆಮರ ಕಾಣುತ್ತಿತ್ತು.

ಕಾಡಸಿದ್ದಪ್ಪ ಗಳ ಹಿಡಿದು ನಿಂತ. ಉಚ್ಚಂಗೆಪ್ಪನ ಕಡೆ ಒಮ್ಮೆ ನೋಡಿ ಹಿಂಜರಿದ, ಆದರೆ ನೇಮ ಬಿಡುವಂತಿಲ್ಲ. ದನಿ ತಗ್ಗಿಸಿ ಕೇಳಿದ: “ಮಾವ-ಅಳಿಯ ಯಾರರ ಅದೀರೇನ್ರಪಾ?”

ಹಂಪಕ್ಕ ಉಚ್ಚಂಗೆಪ್ಪನ ಪಕ್ಕೆ ತಿವಿದಳು. “ಸುಮ್ಮನ ಕುಂದ್ರು.”

ಸುಮ್ಮನೆ ಕೂತರೆ ಸಾಕಿತ್ತು. ಇಷ್ಟು ವರ್ಷ ಕಾದ ಗಡ್ಡೆ ಕಣ್ಣ ಮುಂದೆಯೇ ಇತ್ತು. ಆದರೆ ಸುಮ್ಮನೆ ಕೂತರೆ ಇಲ್ಲ ಎಂದ ಹಾಗಾಯಿತಲ್ಲ! ತನಗೆ ಅಳಿಯ ಇಲ್ಲ ಎಂದು ನಾಲ್ಕು ಜನರ ಮುಂದೆ, ಹೊಳೆಯ ಮುಂದೆ ಒಪ್ಪಿದ ಹಾಗಾಯಿತಲ್ಲ! ಉಚ್ಚಂಗೆಪ್ಪ ಬುತ್ತಿಯನ್ನು ಹಂಪಕ್ಕನ ತೊಡೆಗಿಟ್ಟು ಎದ್ದು ನಿಂತ.

“ಅದೀವಿ,” ಅಂದ.

ಹಿಂದೆ ಕೂತ ಹೊಸ ಸೊಸೆಯೊಬ್ಬಳು ಕಿಸಕ್ಕನೆ ನಕ್ಕಳು. “ಅಳಿಯ ಎಲ್ಲಿ ಅದಾನ ತಾತ?” ಹಂಪಕ್ಕ ಅವಳ ಕಡೆ ತಿರುಗಿ ಕಣ್ಣು ಬಿಟ್ಟ ರಭಸಕ್ಕೆ ನಗು ಅಲ್ಲೇ ನಿಂತಿತು. ಕಾಡಸಿದ್ದಪ್ಪ ನಗಲಿಲ್ಲ. ಗಳವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ನೀಡಿದ. “ಹಂಗಾದ್ರ ಒಬ್ಬರು ಇಳೀಬೇಕಾಕ್ಕತಿ. ಇಳಿಯಪಾ, ಸಾವಕಾಶ ಇಳಿ.”

ಉಚ್ಚಂಗೆಪ್ಪ ಮೊಣಕಾಲುದ್ದದ ನೀರಿನಲ್ಲಿ ಇಳಿದು ದಂಡೆಗೆ ಬಂದ. ಜಾಲಿಮರದ ಕೆಳಗೆ ಕೂತು, ಚೆಲ್ಲಾಪಿಲ್ಲಿ ಬಿದ್ದಿದ್ದ ಚಪ್ಪಲಿಗಳನ್ನು ಒಂದೊಂದೇ ಜೊತೆ ಮಾಡಿ ನೆರಳಿಗೆ ಎಳೆದಿಟ್ಟ. ನಡುನೀರಿಗೆ ಹೋದ ಹರಿಗೋಲಿನಿಂದ ಹಂಪಕ್ಕ ಅಳುವುದು ಕೇಳಿಸುತ್ತಿತ್ತು.

“ಚಪ್ಪಲಿ ಚಿಂತಿ ಬಿಡ್ರಿ,” ಎಂದು ಅವನು ಕೂಗಿ ಹೇಳಿದ. “ನಾ ಇಲ್ಲೇ ಅದೀನಿ.”