ಮಗು ದುಬೈಯಲ್ಲಿ, ಟೆಂಟ್ ಕುದುರೆಮುಖದಲ್ಲಿ

ದುಬೈಯ ಆಸ್ಪತ್ರೆಯೊಂದರಲ್ಲಿ ಹೆಣ್ಣು ಮಗು ಹುಟ್ಟಿತು. ಇತ್ತ ಮೂಡುಬಿದಿರೆಯಲ್ಲಿ ನಾನು ಅಟ್ಟದಿಂದ ಟ್ರಾವೆಲ್ ಬ್ಯಾಗ್ ಇಳಿಸಿ ಧೂಳು ಕೊಡವಿದೆ.

ಎತ್ತಣ ಮಗು, ಎತ್ತಣ ಬ್ಯಾಗು ಎನ್ನುತ್ತೀರಾ? ಸಂಬಂಧ ಇದೆ. ಆ ಮಗು ನನ್ನ ಅಜ್ಜಿಯ ತಂಗಿಯ ಮರಿಮಗಳ ಮಗಳು. ಮಗುವಿನ ಅಮ್ಮನನ್ನು ನಾನು ಸರಿಯಾಗಿ ನೋಡಿಯೂ ಇಲ್ಲ. (ಅವಳ ಮದುವೆಗೆ ಹೋಗಿದ್ದೆ. ಆದರೆ ಊಟದ ಹಾಲ್‌ನಿಂದ ವೇದಿಕೆ ಕಾಣುತ್ತಿರಲಿಲ್ಲ.)

ನೋಡದಿದ್ದರೇನು? ನಮ್ಮದು ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವ ಕುಟುಂಬ. ಆ ಲೆಕ್ಕದಲ್ಲಿ ಅವಳೂ ನಮ್ಮವಳೇ. ನಮ್ಮವಳೊಬ್ಬಳು ಹೆತ್ತರೆ ಕುಟುಂಬಕ್ಕೆಲ್ಲ ಅಮೆ, ಅಂದರೆ ಹುಟ್ಟಿನ ಸೂತಕ. ಅದು ಕಳೆಯುವವರೆಗೆ ದೇವಸ್ಥಾನ ಇಲ್ಲ, ದೈವದ ನೇಮ ಇಲ್ಲ, ಗೃಹಪ್ರವೇಶ ಇಲ್ಲ, ದೀಪ ಹಚ್ಚುವ ಯಾವ ಕಾರ್ಯಕ್ರಮಕ್ಕೂ ಹೋಗುವ ಹಾಗಿಲ್ಲ.

ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ರಜೆ.

ಕಥೆ ಶುರುವಾದದ್ದು ಕಳೆದ ದೀಪಾವಳಿಗೆ. ನನ್ನ ಅಕ್ಕ ಸುಮತಿ ಇರುವುದು ಬೆಳ್ತಂಗಡಿಯ ಹತ್ತಿರ. ಭಾವನಿಗೆ ಪೇಟೆಯಲ್ಲಿ ಹೋಟೆಲ್. ಮನೆಯ ಹಿಂಬದಿ ಬಟ್ಟೆ ಒಣಗಿಸುವ ಜಾಗದಲ್ಲಿ ನಿಂತರೆ ಎದುರಿಗೇ ಕುದುರೆಮುಖದ ಸಾಲು. ಮದುವೆಯಾಗಿ ಬಂದ ಲಾಗಾಯ್ತು ಅಕ್ಕ ಆ ಬೆಟ್ಟವನ್ನು ನೋಡುತ್ತಲೇ ಬಟ್ಟೆ ಹರವಿದ್ದಾಳೆ. ಒಮ್ಮೆಯೂ ಅಲ್ಲಿಗೆ ಹೋಗಿಲ್ಲ.

ದೀಪಾವಳಿಯ ದಿನ ಅಕ್ಕ ಕೂತಲ್ಲಿಂದ ಏಳಲು ನನ್ನ ಭುಜ ಹಿಡಿದಳು. ಎರಡೂ ಮೊಣಕಾಲು ಸವೆದಿವೆ, ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದರಂತೆ.

"ಕಾಲು ಪೂರ್ತಿ ಕೈಕೊಡುವ ಮೊದಲು ಒಂದು ರಾತ್ರಿ ಅಲ್ಲಿ ಮಲಗ್ಬೇಕು ಮಾರಾಯ" ಎಂದಳು, ಬೆಟ್ಟದ ಕಡೆ ಕೈ ತೋರಿಸಿ. "ಟೆಂಟ್‌ನಲ್ಲಿ. ಮೊಬೈಲಲ್ಲಿ ತೋರಿಸ್ತಾರಲ್ಲ, ಹಾಗೆ."

"ಅದಕ್ಕೇನು? ಹೋಗುವ" ಎಂದೆ. ಹೇಳುವುದಕ್ಕೆ ಕಷ್ಟವೇನಿದೆ?

ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು. ಯಾವುದಕ್ಕೂ ಮೊದಲು ಸ್ಟಡಿ ಮಾಡದಿದ್ದರೆ ನನಗೆ ಸಮಾಧಾನವಿಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ಕ್ಯಾಂಪಿಂಗ್ ಮಾಡಲು ಬೆಸ್ಟ್ ಸೀಸನ್ ಯಾವುದು ಎಂದು ಹುಡುಕಿದೆ. ಅಕ್ಟೋಬರ್‌ನಿಂದ ಫೆಬ್ರವರಿ ಎಂದಿತು ಒಂದು ವೆಬ್‌ಸೈಟ್. ಮಳೆ ಬಿಟ್ಟ ಕೂಡಲೇ ಹೋಗಿ, ಹಸಿರು ಕಣ್ಣಿಗೆ ಹಬ್ಬ ಎಂದಿತು ಇನ್ನೊಂದು. ಬೇಸಿಗೆಯಲ್ಲಿ ಮಾತ್ರ ಬೇಡ ಎನ್ನುವುದರಲ್ಲಿ ಎಲ್ಲರದ್ದೂ ಒಮ್ಮತ.

ಖುಷಿಯಿಂದ ಫೋನ್ ಮಾಡಿದೆ. "ಅಕ್ಕ, ಡಿಸೆಂಬರ್."

"ಡಿಸೆಂಬರಾ? ಕುಟುಂಬದ ಮನೆಯಲ್ಲಿ ನೇಮ ಉಂಟಲ್ಲ. ನಾನಿಲ್ಲದೆ ಆಗ್ತದಾ?"

"ಹಾಗಾದರೆ ಜನವರಿ."

"ಬೆಳುವಾಯಿಯಲ್ಲಿ ಚಿಕ್ಕಮ್ಮನ ಮಗನ ಗೃಹಪ್ರವೇಶ. ಆಮೇಲೆ ಭಾವನ ಕಡೆಯ ಮದುವೆ. ಅದಾದ ಮೇಲೆ ಅವರ ಊರಿನ ದೇವಸ್ಥಾನದ ಬ್ರಹ್ಮಕಲಶ."

"ಫೆಬ್ರವರಿ?"

ಅಕ್ಕ ನಕ್ಕಳು. ಫೆಬ್ರವರಿಯಲ್ಲಿ ಬಿಡುವಿದೆಯೇ ಎಂದು ನಮ್ಮ ಕಡೆ ಯಾರಾದರೂ ಕೇಳುವುದುಂಟೇ?

ನೀವೇ ಯೋಚಿಸಿ. ದೀಪಾವಳಿ ಕಳೆದರೆ ನೇಮ, ಕೋಲ, ಯಕ್ಷಗಾನ, ಮದುವೆ. ಮಾರ್ಚ್‌ನಲ್ಲಿ ಪೊಳಲಿ ಚೆಂಡು, ಅಂದರೆ ಅಲ್ಲಿನ ದೇವಸ್ಥಾನದ ಜಾತ್ರೆ. (ಅದು ಎಷ್ಟು ದಿನ ಎಂದು ಆಯಾ ವರ್ಷವೇ ಗೊತ್ತಾಗಬೇಕು. ಮುಂಗಡ ಬುಕಿಂಗ್ ಮಾಡುವವರ ಗತಿ ಏನು?) ಮೇ ಕೊನೆಗೆ ಪತ್ತನಾಜೆಯ ದಿನ ಬಂದು ನೇಮದವರೂ ಯಕ್ಷಗಾನದವರೂ ಗೆಜ್ಜೆ ಬಿಚ್ಚಿದರೆ ಮಳೆ ಶುರು. ಮಳೆಯಲ್ಲಿ ಬೆಟ್ಟಕ್ಕೆ ಹೋಗುವ ಚಾರ್ಮಾಡಿ ಘಾಟಿಯ ಯಾವ ತಿರುವಿನಲ್ಲಿ ಗುಡ್ಡ ಜರಿಯುತ್ತದೆ ಎಂದು ಹೇಳಲಾಗದು. ಮಳೆ ತಗ್ಗಿದರೆ ಅಷ್ಟಮಿ, ಚೌತಿ, ನವರಾತ್ರಿ. ಮತ್ತೆ ದೀಪಾವಳಿ.

ಹಿಂದೆ ಆಟಿ ತಿಂಗಳು ಎಂಬುದೊಂದಿತ್ತು. ಹೊರಗೆ ಜಡಿಮಳೆ, ಶುಭಕಾರ್ಯ ಇಲ್ಲ, ಎಲ್ಲರೂ ಮನೆಯಲ್ಲಿ. ಈಗ ಅದೂ ಹೋಯಿತು. ಆಟಿಯಲ್ಲಿ ಹಿರಿಯರು ಹೇಗೆ ಸುಮ್ಮನೆ ಕೂರುತ್ತಿದ್ದರು ಎಂದು ನೆನಪಿಸಿಕೊಳ್ಳಲು ಊರೂರಿನ ಸಂಘದವರು ಸಭಾಭವನದಲ್ಲಿ ಕಾರ್ಯಕ್ರಮ ಇಡುತ್ತಾರೆ. ಅದಕ್ಕೂ ಹೋಗಬೇಕು. ಪತ್ರೊಡೆ ಇರುತ್ತದೆ.

ನಾನು ಹೋಗದಿದ್ದರೆ ಯಾರೂ ಕೇಳುವುದಿಲ್ಲ. ನನ್ನ ಹಾಜರಿಗೆ ಅಷ್ಟೇನೂ ಬೆಲೆ ಇಲ್ಲ. ಅಕ್ಕ ಹಾಗಲ್ಲ. ಅವಳು ನಮ್ಮ ತಲೆಮಾರಿನ ಹಿರಿಯ ಹೆಂಗಸು. ಮದುಮಗಳಿಗೆ ಆರತಿ ಎತ್ತಲು ಅಕ್ಕ ಬೇಕು. ನೇಮದ ದಿನ ಒಳಗಿನ ಪಾತ್ರೆಗಳ ಕೀಲಿಕೈ ಅಕ್ಕನ ಸೊಂಟದಲ್ಲಿರಬೇಕು. ಮುನಿಸಿಕೊಂಡ ಅತ್ತಿಗೆಯಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲು ಅಕ್ಕನೇ ಆಗಬೇಕು. ಮೊಣಕಾಲು ಸವೆಯದೆ ಇನ್ನೇನು?

ಡಿಸೆಂಬರ್ ಹೋಯಿತು. ಜನವರಿ ಹೋಯಿತು. ಫೆಬ್ರವರಿಯಲ್ಲಿ ಬ್ರಹ್ಮಕಲಶದ ಚಪ್ಪರದಲ್ಲಿ ಸಿಕ್ಕಿದಾಗ ಅಕ್ಕನ ಕೈಯಲ್ಲಿ ಊರುಗೋಲು ಇತ್ತು. ಕುದುರೆಮುಖದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದು ಇನ್ನು ಆಗುವಂಥದ್ದಲ್ಲ ಎಂದು ನನಗೆ ಅನಿಸಿತ್ತು. ಬೇಸರವೂ ಆಗಿತ್ತು.

ಆಗ ಬಂತು ದುಬೈಯ ಮಗು.

ನಮ್ಮ ಕುಟುಂಬದ ಯಜಮಾನ ದೊಡ್ಡಮಾವ. ಬಂಟ್ವಾಳದಲ್ಲಿದ್ದಾರೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವರು ಬರೆಯುವುದು ಸರಕಾರಿ ಸುತ್ತೋಲೆಯ ಕನ್ನಡ. "ಕುಟುಂಬದ ಸರ್ವ ಸದಸ್ಯರ ಗಮನಕ್ಕೆ. ನಿನ್ನೆ ದುಬೈಯಲ್ಲಿ ಹೆಣ್ಣು ಶಿಶು ಜನನವಾಗಿರುತ್ತದೆ. ಆದ್ದರಿಂದ ಅಮೆ ಆಚರಿಸತಕ್ಕದ್ದು." ಕೆಳಗೆ ಸಾಲುಸಾಲು ಹೂಗುಚ್ಛ, ಕೇಕು, ಕೈಮುಗಿದ ಚಿಹ್ನೆ.

ನಾನು ಮಗುವಿನ ಫೋಟೋ ಕೂಡ ಸರಿಯಾಗಿ ನೋಡಲಿಲ್ಲ. ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕ, ಶನಿವಾರ ಏನುಂಟು?"

"ಪೊಳಲಿಗೆ ಹೋಗ್ಬೇಕಿತ್ತು. ಇನ್ನು ಹೇಗೆ ಹೋಗುವುದು? ಅಮೆಯಲ್ವಾ. ಸಂಜೆ ಒಂದು ನಿಶ್ಚಿತಾರ್ಥ ಇತ್ತು, ಅದೂ ಇಲ್ಲ." ಆಮೇಲೆ ಸ್ವರ ತಗ್ಗಿಸಿ ಕೇಳಿದಳು, "ಟೆಂಟ್ ಸಿಗ್ತದಾ?"

ಟೆಂಟ್ ಧಾರಾಳವಾಗಿ ಸಿಕ್ಕಿತು. ಮಾರ್ಚ್ ತಿಂಗಳು. ವೆಬ್‌ಸೈಟ್‌ಗಳೆಲ್ಲ ಒಕ್ಕೊರಲಿನಿಂದ ಬೇಡ ಎಂದ ಕಾಲ. ಬೆಂಕಿಯ ಭಯಕ್ಕೆ ಬೆಟ್ಟ ಹತ್ತುವುದು ಬಂದ್, ಕಾಡಂಚಿನ ಶಿಬಿರದಲ್ಲಿ ಉಳಿಯಲು ಮಾತ್ರ ಅಡ್ಡಿ ಇರಲಿಲ್ಲ.

ಆದರೆ ಅಕ್ಕನಿಗೆ ಇನ್ನೊಂದು ಚಿಂತೆ. ಅಮೆ ಇರುವಾಗ ಕಾಡಿಗೆ ಹೋಗಬಹುದೇ? ದೊಡ್ಡಮಾವನನ್ನು ಕೇಳದೆ ಅವಳು ಹೊರಡುವವಳಲ್ಲ. ಕೇಳಿದರೆ ಅವರು ಬೇಡ ಎಂದಾರು. ಅವರು ಬೇಡ ಎಂದರೆ ಮುಗಿಯಿತು. ನಾನೇ ಫೋನ್ ಮಾಡಿದೆ.

ಮಾವ ತುಂಬ ಹೊತ್ತು ಯೋಚಿಸಿದರು. "ಅಮೆಯವರು ಕಾಡಿಗೆ ಹೋಗಬಾರದು ಅಂತ ನಾನು ಎಲ್ಲಿಯೂ ಕೇಳಿದ್ದಿಲ್ಲ" ಎಂದರು.

"ಹಾಗಾದರೆ ಹೋಗಬಹುದಲ್ಲ ಮಾವ?"

"ಘಾಟಿಯಲ್ಲಿ ಗುಡಿ ಉಂಟು. ಅದರ ಎದುರು ನೀವಿಬ್ಬರು ಇಳಿಯುವುದು ಬೇಡ." ಫೋನ್ ಇಡುವ ಮೊದಲು ಸೇರಿಸಿದರು, "ಇನ್ನೊಂದು ವಿಷಯ ಉಂಟು. ಫೋಟೋ ಗ್ರೂಪಿಗೆ ಹಾಕ್ಬೇಡ ಮಾರಾಯ. ಎಲ್ಲರೂ ಹೊರಟಾರು."

ಹೊರಟವರು ಮೂವರು. ಅಕ್ಕ, ನಾನು, ನನ್ನ ಹೆಂಡತಿ. ಭಾವನಿಗೆ ಬರಲಾಗಲಿಲ್ಲ. ಅವರದ್ದು ಅವರ ತಾಯಿಯ ಕುಟುಂಬ, ಆದ್ದರಿಂದ ಅಮೆ ಇಲ್ಲ. ಅಮೆ ಇಲ್ಲದ ತಪ್ಪಿಗೆ ಪೊಳಲಿಗೂ ನಿಶ್ಚಿತಾರ್ಥಕ್ಕೂ ಅವರೊಬ್ಬರೇ ಹೋಗಬೇಕಾಯಿತು. ಕಾರು ಹೊರಡುವಾಗ ಅವರ ಮುಖ ನೋಡುವ ಹಾಗಿರಲಿಲ್ಲ.

ಚಾರ್ಮಾಡಿ ದಾಟಿ ಘಾಟಿ ಏರಿದೆವು. ಗುಡಿಯ ಹತ್ತಿರ ಎಲ್ಲ ವಾಹನಗಳಂತೆ ನಾನೂ ನಿಧಾನ ಮಾಡಿದೆ. ಅಕ್ಕ ಕಿಟಕಿಯ ಗಾಜು ಏರಿಸಿ ಕಣಿವೆಯ ಕಡೆ ತಿರುಗಿ ಕೂತಳು. ನನ್ನ ಹೆಂಡತಿಯದ್ದೂ ಬೇರೆ ಕುಟುಂಬವಲ್ಲವೇ? ಅವಳು ಕಾಣಿಕೆ ಹಿಡಿದು ಇಳಿದಳು.

"ನಿನ್ನ ಲೆಕ್ಕದಲ್ಲಿ ಹಾಕು, ಆಯ್ತಾ? ನಮ್ಮ ಹೆಸರು ಹೇಳ್ಬೇಡ" ಎಂದಳು ಅಕ್ಕ, ಕಣಿವೆಯಿಂದ ಕಣ್ಣು ತೆಗೆಯದೆ.

"ಇಲ್ಲ ಅತ್ತಿಗೆ. ಕಾರಿನಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಡ್ರೈವರ್ ಅಂತ ಹೇಳ್ತೇನೆ" ಎಂದಳು ನನ್ನ ಹೆಂಡತಿ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸದ ದಾರಿ ಹಿಡಿದು ಶಿಬಿರ ತಲುಪಿದೆವು. ಈಗ ಪ್ರಕೃತಿ ವರ್ಣನೆ ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ. ಗುಡ್ಡಗಳೆಲ್ಲ ಕಂದು. ಹುಲ್ಲು ಒಣಗಿ ಕಾಲಿಗೆ ಚುಚ್ಚುತ್ತಿತ್ತು. ಹಳ್ಳದಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ಕ್ಯಾಂಪ್ ಫೈರ್ ಕೇಳುವುದೇ ಬೇಡ, ಬೆಂಕಿಕಡ್ಡಿ ಗೀರಿದರೂ ಕಾವಲಿನವರು ಓಡಿ ಬರುವ ಕಾಲ. ನಾನು ಹೊತ್ತು ತಂದ ಬೈನಾಕ್ಯುಲರ್‌ಗೆ ಕಂಡದ್ದು ಒಂದು ಕೆಂಬೂತ. ಅದು ನಮ್ಮ ಮನೆಯ ಕಾಂಪೌಂಡಿನಲ್ಲೂ ಇದೆ.

ಅಕ್ಕ ಟೆಂಟ್ ನೋಡಿ, "ಶಾಮಿಯಾನದ ಮರಿ" ಎಂದಳು. ಒಳಗೆ ಮಂಚ ಇತ್ತು. ಕೂತು, ಎದ್ದು, ಮತ್ತೆ ಕೂತು ನೋಡಿದಳು. ಮೊಣಕಾಲಿಗೆ ಮಂಚದ ಎತ್ತರ ಒಪ್ಪಿಗೆಯಾಯಿತು. ಮೊಬೈಲ್ ತೆಗೆದಳು. ನೆಟ್‌ವರ್ಕ್ ಇರಲಿಲ್ಲ. ಒಳಗಿಟ್ಟಳು. ಮತ್ತೆ ತೆಗೆದಳು. ಸಂಜೆಯವರೆಗೂ ಇದೇ ನಡೆಯಿತು. ಊಟಕ್ಕೆ ಕರೆದಾಗ ಅಭ್ಯಾಸಬಲದಿಂದ ಬಡಿಸಲು ಹೊರಟಳು. ಅಡುಗೆಯವರು, "ನೀವು ಕೂತ್ಕೊಳ್ಳಿ ಅಮ್ಮ" ಎಂದರು. ಅಕ್ಕ ಕೂತಳು. ಬೇರೆಯವರು ಬಡಿಸುವಾಗ ಕೈ ಎಲ್ಲಿಡಬೇಕು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಬೆಳಿಗ್ಗೆ ಕಾವಲಿನವರೊಬ್ಬರು ಜೀಪಿನಲ್ಲಿ ಘಟ್ಟದ ಅಂಚಿನ ಹತ್ತಿರ ಕರೆದುಕೊಂಡು ಹೋದರು. ಕೊನೆಯ ಸ್ವಲ್ಪ ದೂರ ನಡೆಯಬೇಕಿತ್ತು. ಒಂದು ಕೈ ನನ್ನ ಭುಜಕ್ಕೆ, ಇನ್ನೊಂದು ನನ್ನ ಹೆಂಡತಿಯ ಭುಜಕ್ಕೆ. ನಡುನಡುವೆ ನಿಂತು, ಹಲ್ಲು ಕಚ್ಚಿ, ಅಕ್ಕ ಅಂಚಿಗೆ ಬಂದಳು.

ಕೆಳಗೆ ಎಲ್ಲ ಮಸುಕು. ಬಿಸಿಲು, ಹೊಗೆ, ಧೂಳು ಕಲಸಿಕೊಂಡ ಹಾಗೆ.

"ಬೆಳ್ತಂಗಡಿ ಎಲ್ಲಿ?" ಎಂದಳು. ಕಾವಲಿನವರು ಕೈ ಚಾಚಿದರು. ಅಲ್ಲೇನೂ ಇರಲಿಲ್ಲ. ಮಳೆ ಬಿಟ್ಟ ಮೇಲೆ ಬಂದರೆ ಎಲ್ಲ ಕಾಣುತ್ತದೆ, ನೀವು ಬಂದ ಸೀಸನ್ ಸರಿ ಇಲ್ಲ ಎಂದರು.

ಇಷ್ಟು ವರ್ಷ ಕಾದು, ಇಷ್ಟು ನೋವು ನುಂಗಿ ಬಂದರೆ ಇದಾ? "ನಿನ್ನ ಮನೆಯೇ ಕಾಣಲಿಲ್ಲವಲ್ಲ ಅಕ್ಕ" ಎಂದೆ.

"ಒಳ್ಳೇದಾಯ್ತು" ಎಂದಳು, ಕಲ್ಲಿನ ಮೇಲೆ ಕೂರುತ್ತ. "ಕಂಡಿದ್ರೆ ಭಾವ ಹಾಲು ಫ್ರಿಜ್ಜಿನಲ್ಲಿ ಇಟ್ಟಿದ್ದಾರಾ ಇಲ್ವಾ ಅಂತ ಯೋಚನೆ ಆಗ್ತಿತ್ತು." ಮೊಣಕಾಲು ನೀವಿಕೊಂಡಳು. "ಅಲ್ಲ ಮಾರಾಯ, ನಿನ್ನೆಯಿಂದ ಒಬ್ಬರೂ ನನ್ನನ್ನು ಕರೀಲಿಲ್ಲ, ನೋಡು."

ದೂರಿನ ಸ್ವರ ಅದಲ್ಲ. ಹಾಗೂ ಇರಬಹುದೇ ಎಂಬ ಆಶ್ಚರ್ಯ. ನಾನು ಬೈನಾಕ್ಯುಲರ್ ಒರೆಸಿದೆ. ಇಷ್ಟಕ್ಕೆ ಒಂದು ಮಗು ದುಬೈಯಲ್ಲಿ ಹುಟ್ಟಬೇಕಾಯಿತಲ್ಲ ಎಂದು ಬೇಸರವೂ ಆಯಿತು.

ವಾಪಸು ಬರುವಾಗ ಘಾಟಿಯ ಬುಡದಲ್ಲಿ ನೆಟ್‌ವರ್ಕ್ ಬಂತು. ಅಕ್ಕನ ಫೋನು ಬಡಕೊಳ್ಳತೊಡಗಿತು. ಮೊದಲ ಕರೆ ಭಾವನದು. ಹೋದಲ್ಲೆಲ್ಲ ಒಂದೇ ಪ್ರಶ್ನೆಯಂತೆ, ಸುಮತಿ ಅಕ್ಕ ಯಾಕೆ ಬರಲಿಲ್ಲ?

"ನೀವೆಂತ ಹೇಳಿದ್ರಿ?"

"ಅಮೆ ಅಂದೆ. ಮತ್ತೆ ಯಾರೂ ಏನೂ ಕೇಳ್ಲಿಲ್ಲ."

ಗಮನಿಸಿದಿರಾ? ನನಗೆ ಕಾಲು ನೋವು ಎಂದು ಅಕ್ಕ ಹೇಳಿದರೆ, ಕಾರು ಕಳಿಸುತ್ತೇವೆ ಎನ್ನುತ್ತಾರೆ. ನನಗೆ ಸುಸ್ತು ಎಂದರೆ, ಬಂದು ಕುರ್ಚಿಯಲ್ಲಿ ಕೂತರೆ ಸಾಕು ಎನ್ನುತ್ತಾರೆ. ನನಗೆ ಬೆಟ್ಟ ನೋಡುವ ಆಸೆ ಎಂದರೆ? ಕರೆದವರ ಮನೆಗೆ ಮುಂದಿನ ಮೂರು ತಲೆಮಾರು ಕಾಲಿಡುವ ಹಾಗಿಲ್ಲ. ಆದರೆ ಅಮೆ ಎಂದರೆ ಎಲ್ಲ ಬಾಯಿಯೂ ಬಂದ್. "ಬರುವುದಿಲ್ಲ" ಎಂದು ಹೇಳಲು ನಮಗೆ ಬಾರದು. "ಬರುವ ಹಾಗಿಲ್ಲ" ಎನ್ನಲು ಒಂದು ಕಾರಣ ಸಿಕ್ಕಿದರೆ ಮಾತ್ರ ನಾವು ಸ್ವತಂತ್ರರು.

ಹಾಗಾಗಿ ಓದುಗರೇ, ಉದ್ಯಾನಕ್ಕೆ ಹೋಗಲು ಬೆಸ್ಟ್ ಸೀಸನ್ ಯಾವುದು ಎಂದು ನನ್ನನ್ನು ಕೇಳಿದರೆ ನಾನೀಗ ತಿಂಗಳ ಹೆಸರು ಹೇಳುವುದಿಲ್ಲ. ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ದಿನ ತುಂಬಿದೆಯೇ ಎಂದು ವಿಚಾರಿಸುತ್ತೇನೆ.

ಮೊನ್ನೆ ಅಕ್ಕ ಫೋನ್ ಮಾಡಿದಳು. ಮೊಣಕಾಲಿನ ಆಪರೇಷನ್ ನಿಶ್ಚಯವಾಯಿತಾ ಎಂದು ಕೇಳಿದೆ.

"ಇಲ್ಲ, ಸ್ವಲ್ಪ ಮುಂದೆ ಹಾಕಿ ಅಂತ ಡಾಕ್ಟರಲ್ಲಿ ಹೇಳಿದ್ದೇನೆ" ಎಂದಳು. "ಕುವೈಟಿನಲ್ಲಿರುವ ನಮ್ಮ ಹುಡುಗಿಗೆ ನವರಾತ್ರಿ ಹೊತ್ತಿಗೆ ದಿನ ತುಂಬ್ತದಂತೆ. ಆಗ ಮಳೆ ಬಿಟ್ಟಿರ್ತದಲ್ಲ? ಮತ್ತೆ, ದೊಡ್ಡಮಾವ ಕೇಳ್ತಿದ್ರು, ಕಾರಿನಲ್ಲಿ ಒಂದು ಸೀಟು ಉಂಟಾ ಅಂತ."