ಮೇಡಂ ಬರೆದ ಒಂದು ಸಾಲು

ಹೋದ ವಾರ ಮೆಟ್ರೊದಲ್ಲಿ ಪಕ್ಕ ನಿಂತಿದ್ದವರ ಅಂಗಿಯಿಂದ ಲೇತ್ ಮಷೀನಿನ ಎಣ್ಣೆ ವಾಸನೆ ಬಂತು. ಒಂದಿಬ್ಬರು ಮುಖ ತಿರುಗಿಸಿದರು. ನಾನು ಮಾತ್ರ ಅದನ್ನು ಇನ್ನೊಂದು ಸಲ ಮೂಗಿನ ತುಂಬ ಎಳೆದುಕೊಂಡೆ. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಮೊದಲ ಆಫೀಸು ಇದ್ದದ್ದು ಒಂದು ಲೇತ್ ವರ್ಕ್‌ಶಾಪಿನ ಮೇಲೆ. ಸಂಜೆ ಕೆಂಗೇರಿಯ ಮನೆಗೆ ಮರಳಿದರೂ ದುಪಟ್ಟಾದಿಂದ ಆ ವಾಸನೆ ಹೋಗುತ್ತಿರಲಿಲ್ಲ. ಅದರ ಹಿಂದೆಯೇ ನೆನಪಾದವರು ನಮ್ಮ ಮೇಡಂ…

ಆಗಲೇ ಅವರಿಗೆ ಐವತ್ತರ ಹತ್ತಿರ. ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ರಕ್ತ ಪರೀಕ್ಷೆ ಮಾಡಿ, ಅದು ಮುಚ್ಚಿದ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಬಂದಿದ್ದರು. ನಮ್ಮ ಕಂಪನಿ ಮಾಡುತ್ತಿದ್ದದ್ದೂ ಆಸ್ಪತ್ರೆಗಳ ಲ್ಯಾಬ್ ರಿಪೋರ್ಟಿನ ಸಾಫ್ಟ್‌ವೇರೇ. ಹುಡುಗರು ಬೆನ್ನ ಹಿಂದೆ ಅವರನ್ನು ‘ಬ್ಲಡ್ ಆಂಟಿ’ ಅನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು.

ಅದರ ತಪ್ಪು ಹಿಡಿಯುವುದು ನನ್ನ ಮತ್ತು ಮೇಡಂ ಕೆಲಸ. ಅದಕ್ಕೆಂದು ಬರೆದ ಪುಟ್ಟ ಪ್ರೋಗ್ರಾಂಗಳು, ಅಂದರೆ ನಮ್ಮ ಟೆಸ್ಟುಗಳು, ತಾವಾಗಿಯೇ ಸಾಫ್ಟ್‌ವೇರ್ ತೆರೆದು, ಕಲ್ಪಿತ ರೋಗಿಯೊಬ್ಬರ ವಿವರ ತುಂಬಿ, ಬಂದ ರಿಪೋರ್ಟ್ ಸರಿಯಿದೆಯೇ ಅಂತ ನೋಡುತ್ತಿದ್ದವು. ಅಂಥವು ಮುನ್ನೂರಕ್ಕೂ ಹೆಚ್ಚಿದ್ದವು. ಆದರೆ ಸರ್ವರಿನ ವಿಳಾಸ, ಪಾಸ್‌ವರ್ಡ್, ರೋಗಿಯ ವಯಸ್ಸು ಎಲ್ಲವನ್ನೂ ಒಂದೊಂದು ಟೆಸ್ಟಿನ ಹೊಟ್ಟೆಯೊಳಗೇ ಬರೆದಿಟ್ಟಿದ್ದೆವು. ಹೊಸ ಆಸ್ಪತ್ರೆ ಬಂತೆಂದರೆ ಮುನ್ನೂರು ಕಡೆ ತಿದ್ದಬೇಕು. ಅಷ್ಟು ಹೊತ್ತು ಯಾರಿಗಿತ್ತು? ಮೂವತ್ತು ಟೆಸ್ಟು ಓಡಿಸಿ ‘ಓಕೆ’ ಅಂದುಬಿಡುತ್ತಿದ್ದೆವು.

“ಬದಲಾಗೋದನ್ನೆಲ್ಲ ಹೊರಗಡೆ ಒಂದು ಫೈಲಿಗೆ ಹಾಕೋಣ ಕಣೇ. ಟೆಸ್ಟು ಅದನ್ನ ಓದ್ಕೊಂಡು ಕೆಲಸ ಮಾಡ್ಲಿ,” ಅಂದರು ಮೇಡಂ ಒಂದು ದಿನ.

“ಓಡ್ತಿರೋದನ್ನ ಯಾಕೆ ಮೇಡಂ ಕೆದಕ್ತೀರಾ?” ಅಂದರು ಮ್ಯಾನೇಜರ್. ಮೇಡಂ ಪಟ್ಟು ಬಿಡದೆ ಎರಡು ವಾರದ ಸಮಯ ಕೇಳಿ ಪಡೆದರು.

ನಾವಿಬ್ಬರೇ ಕೂತೆವು. ಒಂದೊಂದು ಆಸ್ಪತ್ರೆಗೂ ವಿಳಾಸ, ಪಾಸ್‌ವರ್ಡ್‌ಗಳ ಒಂದು ಫೈಲು. ಎಲ್ಲಕ್ಕೂ ಸೇರಿ ರೋಗಿಗಳದೊಂದು ಪಟ್ಟಿ: ವಯಸ್ಸು, ರಕ್ತದ ಅಂಕಿ, ರಿಪೋರ್ಟಿನಲ್ಲಿ ಬರಬೇಕಾದ ಮಾತು. ಪಟ್ಟಿಯನ್ನು ಮೇಡಂ ಒಬ್ಬರೇ ಬರೆದರು, ಕಣ್ಣು ಮುಚ್ಚಿ ಲ್ಯಾಬಿನ ದಿನಗಳನ್ನು ನೆನೆಸಿಕೊಂಡು. ಅದರಲ್ಲೊಂದು ಸಾಲು: ಮೂರು ದಿನದ ಕೂಸು, ಹಿಮೋಗ್ಲೋಬಿನ್ ಹನ್ನೆರಡೂವರೆ, ‘ಕಡಿಮೆ’.

“ಇಷ್ಟಿದ್ರೆ ನಾರ್ಮಲ್ ಅಲ್ವಾ ಮೇಡಂ?”

“ನಿಂಗೆ ನಾರ್ಮಲ್. ಈಗ ಹುಟ್ಟಿದ ಕೂಸಿಗಲ್ಲ.”

ಸ್ವಲ್ಪ ದಿನಕ್ಕೇ ಒಂದು ದೊಡ್ಡ ಆಸ್ಪತ್ರೆಯ ಕೆಲಸ ಬಂತು. ಅದನ್ನು ಶುರುಮಾಡುವ ದಿನವೂ ಬಂತು. ಅವತ್ತು ಮಧ್ಯಾಹ್ನ ಎರಡಕ್ಕೆ ಅಲ್ಲಿ ನಮ್ಮ ಸಾಫ್ಟ್‌ವೇರ್ ಶುರುವಾಗಬೇಕು. ಬೆಳಗ್ಗೆ ಹನ್ನೊಂದಕ್ಕೆ ಅವರಿಂದ ಫೋನ್ ಬಂತು: ಸರ್ವರ್ ಬದಲಾಗಿದೆ. ಮ್ಯಾನೇಜರ್ ತಲೆ ಮೇಲೆ ಕೈ ಇಟ್ಟುಕೊಂಡರು. “ಮೂವತ್ತು ಓಡ್ಸಿ ಓಕೆ ಅಂದ್ಬಿಡಿ.”

ಮೇಡಂ ಫೈಲು ತೆರೆದು ಸರ್ವರಿನ ವಿಳಾಸದ ಒಂದೇ ಒಂದು ಸಾಲು ತಿದ್ದಿದರು. “ಎಲ್ಲಾನೂ ಓಡಿಸ್ತೀನಿ ಸಾರ್.”

ಪರದೆಯ ಮೇಲೆ ಹಸಿರು, ಹಸಿರು, ಹಸಿರು… ಆಮೇಲೆ ಒಂದು ಕೆಂಪು. ಅದೇ ಮೂರು ದಿನದ ಕೂಸು. ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಬಂದಿತ್ತು.

“ಟೆಸ್ಟೇ ತಪ್ಪಿರ್ಬೇಕು,” ಅಂದ ಸಾಫ್ಟ್‌ವೇರ್ ಬರೆದ ಹುಡುಗ.

“ಆ ಸಾಲು ತಪ್ಪಲ್ಲಪ್ಪ. ನಿನ್ನ ರಿಪೋರ್ಟಲ್ಲಿ ವಯಸ್ಸು ಏನಿದೆ, ಓದು,” ಅಂದರು ಮೇಡಂ.

ಅವನು ಓದಿದ. ಮೂರು ವರ್ಷ! ಈ ಆಸ್ಪತ್ರೆಯವರು ಕೂಸುಗಳ ವಯಸ್ಸನ್ನು ದಿನಗಳಲ್ಲಿ ಬರೆಯುತ್ತಿದ್ದರು. ನಮ್ಮ ಸಾಫ್ಟ್‌ವೇರ್ ಅದನ್ನು ವರ್ಷ ಅಂದುಕೊಂಡಿತ್ತು. ಮೂರು ವರ್ಷದ ಮಗುವಿಗಾದರೆ ಹನ್ನೆರಡೂವರೆ ನಾರ್ಮಲ್ಲೇ. ರಕ್ತ ಕಡಿಮೆಯಿರುವ ಹಸುಗೂಸುಗಳನ್ನು ‘ಚೆನ್ನಾಗಿದೆ’ ಅಂತ ಮನೆಗೆ ಕಳಿಸಿಬಿಡುತ್ತಿದ್ದರೇನೋ… ಹುಡುಗ ಬೆವರುತ್ತಾ ಸರಿಪಡಿಸಿದ. ಒಂದೂವರೆಗೆ ಮತ್ತೆ ಎಲ್ಲವನ್ನೂ ಓಡಿಸಿದೆವು. ಮುನ್ನೂರೂ ಹಸಿರು! ನಾನು ಕುರ್ಚಿಯಿಂದ ಎದ್ದು ಕೂಗಿದ್ದಕ್ಕೆ ಕೆಳಗಿನ ವರ್ಕ್‌ಶಾಪಿನವರು ಏನಾಯ್ತೋ ಅಂತ ಮೇಲೆ ಓಡಿಬಂದರು. ಮೇಡಂ ಟಿಫನ್ ಡಬ್ಬಿ ಬಿಚ್ಚಿ, “ಊಟ ಮಾಡೋಣ್ವಾ?” ಅಂದರು. ಮುಖದ ತುಂಬ ನಗು.

ಮಾರನೇ ದಿನ ಆ ಹುಡುಗ ಅವರ ಟೇಬಲ್ ಹತ್ತಿರ ಬಂದು ನಿಂತ. “ಮೇಡಂ, ಆ ಫೈಲ್ ಮಾಡೋದು ನಂಗೂ ಹೇಳ್ಕೊಡಿ.” ‘ಬ್ಲಡ್ ಆಂಟಿ’ ಅನ್ನುವ ಮಾತನ್ನು ಆಮೇಲೆ ನಾನು ಕೇಳಲೇ ಇಲ್ಲ.

ನಾನು ಕಂಪನಿ ಬದಲಾಯಿಸಿದೆ. ಅವರು ನಿವೃತ್ತರಾದರು. ಫೋನುಗಳು ಕಡಿಮೆಯಾಗುತ್ತಾ ಹೋಗಿ ನಿಂತೇಹೋದವು… ಹೋದ ವಾರ ಮೆಟ್ರೊ ಇಳಿದವಳೇ ಅವರ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಅವರ ಯಜಮಾನರು. “ಅವಳು ಹೋಗಿ ಆರು ತಿಂಗಳಾಯ್ತಮ್ಮ.” ಆರು ತಿಂಗಳು. ಒಂದು ವರ್ಷ ಮೊದಲೇ ಮಾಡಬಹುದಾಗಿದ್ದ ಫೋನ್.

ಈ ಭಾನುವಾರ ಮಹಾಲಕ್ಷ್ಮಿ ಲೇಔಟಿನ ಅವರ ಮನೆಗೆ ಹೋಗಿದ್ದೆ. ಯಜಮಾನರು ನನ್ನನ್ನು ಕೂರಿಸಿ ಕೇಳಿದರು: “ಅಲ್ಲಮ್ಮ, ಆಫೀಸಲ್ಲಿ ಅವಳು ಏನು ಕೆಲಸ ಮಾಡ್ತಿದ್ಲು? ಕೇಳಿದ್ರೆ ‘ಏನೋ ಒಂದು’ ಅಂತಿದ್ಲು, ಅಷ್ಟೆ.”

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಜೋರಾಗಿ ಕರೆದರು: “ಸ್ಟವ್ ಆರಿಸಿ ಬಾಮ್ಮ ಇಲ್ಲಿ! ನಿಮ್ಮತ್ತೆ ಏನ್ಮಾಡಿದ್ಲು ಕೇಳು.” ಆಮೇಲೆ ನನ್ನ ಕಡೆ ನೋಡಿ, “ಇನ್ನೊಂದ್ಸಲ ಹೇಳಮ್ಮ,” ಅಂದರು. “ಮೊದಲಿಂದ.”