ಮಡಚಿ ಹೊಲಿದ ತೋಳು

ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹುಳಿ ಹಾಕಿ ತಿಕ್ಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಕ್ಷರ ಸವೆದು, ಚಿತ್ರ ಸವೆದು, ಕೊನೆಗೆ ಫಳಫಳ ಹೊಳೆಯುವ ಒಂದು ತುಂಡು ಉಳಿಯುತ್ತದೆ. ಅದನ್ನು ನನ್ನ ಕೈಗಿಟ್ಟು, ಇದು ಯಾವ ರೆಜಿಮೆಂಟಿನದ್ದು ಹೇಳಿ ಎನ್ನುತ್ತಾರೆ.

ಹಳೆಯ ಸೈನಿಕರ ಸಮವಸ್ತ್ರ, ಬಿಲ್ಲೆ, ಬೆಲ್ಟು, ನೀರಿನ ಬಾಟಲಿ ಒಟ್ಟುಮಾಡುವುದು ನನ್ನ ಹುಚ್ಚು. ಬದಿಯಡ್ಕದಲ್ಲಿ ಅಪ್ಪನ ಟೈಲರ್ ಅಂಗಡಿ ಇದ್ದಲ್ಲಿ ಈಗ ನನ್ನ ರೆಡಿಮೇಡ್ ಅಂಗಡಿ ಇದೆ. ಹೊಲಿಗೆ ನೋಡುವ ಕಣ್ಣೊಂದು ಅಪ್ಪನಿಂದ ಬಂತು. ನಮ್ಮ ಕಡೆ ಇಂಥ ಸಾಮಾನು ಗಾಜಿನ ಕಪಾಟಿನಲ್ಲಿ ಸಿಗುವುದಿಲ್ಲ. ಗುಂಡಿನ ಪೆಟ್ಟಿಗೆಯಲ್ಲಿ ಕಾಳುಮೆಣಸು ತುಂಬಿರುತ್ತದೆ, ಸೈನಿಕನ ಊಟದ ಡಬ್ಬಿ ದನದ ಹಟ್ಟಿಯಲ್ಲಿ ಹಿಂಡಿ ಅಳೆಯುತ್ತಿರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಬಳಸುವವರು ಕನಿಷ್ಠ ತಿಕ್ಕುವುದಿಲ್ಲ.

ಅಂಗಿ ಕೊಳ್ಳಲು ಬಂದ ಗಿರಾಕಿಯೊಬ್ಬರು ಗೋಡೆಯ ಮೇಲಿನ ಮಿಲಿಟರಿ ಟೊಪ್ಪಿ ನೋಡಿ, "ನಮ್ಮಲ್ಲಿ ಅಜ್ಜನ ಕೋಟು ಉಂಟು. ಅದು ಯಾವ ರೆಜಿಮೆಂಟಿದ್ದು ಅಂತ ನಿಮಗೆ ಗೊತ್ತಾಗ್ತದಾ?" ಎಂದರು. ಅವರ ಮನೆ ಮೀಂಜದಲ್ಲಿ. ಒಂದು ಭಾನುವಾರ ಹೋದೆ. ಒಳ್ಳೆಯ ಕೋಟಾದರೆ ಕೇಳಿ ತರಬೇಕೆಂಬ ಆಸೆಯೂ ಇತ್ತು, ಮುಚ್ಚಿಡುವುದೇಕೆ.

ಕೋಟು ಅವರ ತಾಯಿಯ ವಶದಲ್ಲಿತ್ತು. ಎಂಬತ್ತು ದಾಟಿದ, ಬಹಳ ಗಿಡ್ಡ ಹೆಂಗಸು. ಮಗ ಪಕ್ಕದಲ್ಲಿ ನಿಂತರೆ ಆಕೆಯ ತಲೆ ಅವರ ಎದೆಯವರೆಗೂ ಬರುತ್ತಿರಲಿಲ್ಲ. ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿ ಇಟ್ಟಿದ್ದರು. ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ ಒಂದು ಎಲೆ ಆ ಕುರ್ಚಿಯ ಎದುರಿಗೂ ಬೀಳುತ್ತದೆಯಂತೆ.

ಆ ತಾಯಿಯ ತಂದೆ ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿದವರು. ರಜೆಯಲ್ಲಿ ಬಂದಾಗ ಹೆಂಡತಿ ಬಸುರಿ, ಹೊಟ್ಟೆಯಲ್ಲಿದ್ದದ್ದು ಈಕೆ. ಬಾಣಂತಿಗೆ ಹೊದೆಯಲು ಇರಲಿ ಎಂದು ಕೋಟು ಬಿಟ್ಟು ಹೋದರು. ಸರಕಾರದ ಕೋಟನ್ನು ಮನೆಯಲ್ಲಿ ಬಿಡುವುದು ಸೈನ್ಯದಲ್ಲಿ ಸಣ್ಣ ತಪ್ಪಲ್ಲ. ಆ ತಪ್ಪಿಗೆ ದಂಡ ಹಾಕಿದರೋ ಇಲ್ಲವೋ, ಅವರು ಮತ್ತೆ ಬರಲಿಲ್ಲ. ಫೋಟೋ ಒಂದೂ ಇಲ್ಲ. ಆಕೆಯ ತಾಯಿಯೂ ಬೇಗ ತೀರಿಹೋದರು.

ಕೋಟನ್ನು ಕಿಟಕಿಯ ಬಳಿ ಹಾಸಿ ನೋಡಿದೆ. ದಪ್ಪ ಉಣ್ಣೆಯ ಖಾಕಿ ಓವರ್‌ಕೋಟು. ಒಳಗಿನ ಮೊಹರಿನಲ್ಲಿ ಅಳತೆಯ ಅಂಕಿ ಅಳಿಸಿಹೋಗಿತ್ತು. ಗುಂಡಿಗಳು ಎಲ್ಲ ಪಡೆಗಳಿಗೂ ಕೊಡುತ್ತಿದ್ದ ಸಾಮಾನ್ಯ ಗುಂಡಿಗಳು. ಹೆಗಲ ಪಟ್ಟಿಯಲ್ಲಿ ಬಿಲ್ಲೆ ಇದ್ದ ತೂತುಗಳಿದ್ದವು, ಬಿಲ್ಲೆ ಇರಲಿಲ್ಲ.

"ಯಾವ ರೆಜಿಮೆಂಟು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ," ಎಂದೆ. ಮಗನ ಮುಖ ಸಪ್ಪೆಯಾಯಿತು.

"ಅದು ಇರ್ಲಿ ಮಾರಾಯ್ರೆ," ಎಂದರು ತಾಯಿ. "ಅಪ್ಪ ಎಷ್ಟು ಉದ್ದ ಇದ್ದದ್ದು? ಅದು ಗೊತ್ತಾಗ್ತದಾ?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಯಾಕೆ ಕೇಳುತ್ತೀರಿ ಎಂದೆ.

"ಅಮ್ಮನ ತರವಾಡು ಮನೆಯವರೆಲ್ಲ ತೆಂಗಿನ ಮರದ ಹಾಗೆ. ನಾನೊಬ್ಬಳು ಹೀಗೆ. ನಿನ್ನನ್ನು ತೋಡಿನ ಬದಿಯಿಂದ ಹೆಕ್ಕಿ ತಂದದ್ದು ಅಂತ ಮಾವಂದಿರು ತಮಾಷೆ ಮಾಡ್ತಿದ್ರು. ಅಪ್ಪನ ಹಾಗೆ ಇರಬಹುದು ಅಂತ ಗ್ರಹಿಸಿದ್ರೆ, ಕೋಟು ನೋಡಿ, ಕುರ್ಚಿಯ ತುಂಬ ಉಂಟು. ಅಷ್ಟು ದೊಡ್ಡ ಜನಕ್ಕೆ ನಾನು ಹೇಗೆ ಮಗಳಾಗುದು?"

ನಗುತ್ತಲೇ ಹೇಳಿದರು. ಆದರೆ ಅದು ತಮಾಷೆಯಾಗಿ ಉಳಿದಿರಲಿಲ್ಲ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. ನನಗೆ ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಬಿಲ್ಲೆ ಬಿಟ್ಟು ಬಟ್ಟೆಯನ್ನೇ ಮತ್ತೊಮ್ಮೆ ನೋಡಿದೆ.

ತೋಳಿನ ತುದಿಗಳನ್ನು ಯಾರೋ ಒಳಕ್ಕೆ ಮಡಚಿ ಹೊಲಿದಿದ್ದರು. ಕೈಹೊಲಿಗೆ. ಎಳೆ ಓರೆ, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಯಾವ ಟೈಲರನೂ ಹೀಗೆ ಹೊಲಿಯುವುದಿಲ್ಲ. ಕೆಳಗಿನ ಅಂಚನ್ನೂ ಅದೇ ಕೈ ಗೇಣಿನಷ್ಟು ಮೇಲೆತ್ತಿತ್ತು. ಹೊದೆಯುವ ಕೋಟಿಗೆ ಯಾರೂ ತೋಳು ಗಿಡ್ಡ ಮಾಡುವುದಿಲ್ಲ. ಸಾಲದ್ದಕ್ಕೆ ಮಡಿಕೆಯ ಅಂಚು ಮಣಿಕಟ್ಟಿಗೆ ಉಜ್ಜಿ ಉಜ್ಜಿ ನುಣ್ಣಗಾಗಿ, ಎಣ್ಣೆಜಿಡ್ಡು ಹಿಡಿದಿತ್ತು. ಮಡಚಿದ ಮೇಲೆ ಯಾರೋ ತುಂಬಾ ದಿನ ತೊಟ್ಟಿದ್ದಾರೆ.

"ಅಪ್ಪ ಹೋದ ಮೇಲೆ ಯಾರಾದರೂ ಹಾಕಿದ್ದುಂಟಾ?"

"ಯಾರು ಹಾಕುದು? ನಾವು ಮುಟ್ಟುದೇ ಕೈಮುಗಿದು."

ಹಾಗಾದರೆ ನಾನು ಹೇಳಬಹುದಾದದ್ದು ಒಂದೇ. ಸೈನ್ಯ ಕೊಟ್ಟ ಕೋಟು ನಿಮ್ಮ ಅಪ್ಪನಿಗೆ ದೊಡ್ಡದಾಗಿತ್ತು, ಅವರೇ ಕೂತು ಹೊಲಿದು ಗಿಡ್ಡ ಮಾಡಿಕೊಂಡಿರಬೇಕು ಎಂದೆ. ಆಕೆ ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು.

"ನಾನೊಮ್ಮೆ ಹಾಕಿ ನೋಡ್ಬಹುದಾ?"

ಹಳೆಯ ಉಣ್ಣೆಯನ್ನು ಮೈಗೆ ಹಾಕಬಾರದು. ಹೆಗಲಲ್ಲಿ ಎಳೆ ಕಡಿಯುತ್ತದೆ, ಬೆವರು ತಾಗಿದರೆ ಬಟ್ಟೆ ಹಾಳು. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಗದರಿಸಿ ಹೇಳಿದ್ದೇನೆ. ಅಂದು ಕೋಟನ್ನು ಎತ್ತಿ ಹಿಡಿದವನು ನಾನೇ.

ಒಂದು ಕೈ ತೂರಿಸಿದರು, ಇನ್ನೊಂದು ಕೈ ತೂರಿಸಿದರು. ಹೆಗಲು ದೊಗಳೆಯಾಗಿತ್ತು. ತೋಳು ಮಾತ್ರ ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು.

ಕೋಟು ಕೊಡುತ್ತೀರಾ ಎಂಬ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಆಕೆ ಹಾಗೆಯೇ ಒಳಗೆ ಹೋಗಿ ಚಹಾ ತಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಅಮ್ಮ, ಸೆಕೆ. ಈಗ ತೆಗೀರಿ ಅದನ್ನು," ಎಂದರು ಮಗ.

"ಸ್ವಲ್ಪ ಹೊತ್ತು ಇರ್ಲಿ ಮಾರಾಯ," ಎಂದರು ಆಕೆ. "ಅಪ್ಪ ಬಂದದ್ದು ಈಗಷ್ಟೇ ಅಲ್ವಾ?"